ನಂಬಿಕೆಯೂ ವಿಧೇಯತೆಯೂ: ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದ ಕಡೆಗೆ ಹೋದವರು ಅಲ್ಲಿಯ ಬಂಡೆಗಳನ್ನು ಕಂಡೇ ಇರುವರು. ಆ ಊರ ಬಳಿಯಲ್ಲಿಯೂ ಬ್ರಹ್ಮಗಿರಿ, ಜಟಿಂಗರಾಮೇಶ್ವರ ಎಂಬ ನೆರೆಯ ಬೆಟ್ಟಗಳಲ್ಲಿಯೂ ಸುಮಾರು 2200 ವರುಷಗಳ ಹಿಂದೆ ಅಶೋಕ ಚಕ್ರವರ್ತಿಯು ಕೆತ್ತಿಸಿದ ಅಪ್ಪಣೆಗಳಿವೆ. ಬಹುಕಾಲ ಯಾರೂ ಓದಲಾರದೆ ಬಿದ್ದಿದ್ದ ಆ ಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಎಂಬವರು ಕಂಡುಹಿಡಿದು ಲೋಕಕ್ಕೆ ತಿಳಿಸಿದರು. ಅವರು ಬೆಂಗಳೂರಿನಲ್ಲಿ ಲಂಡನ್ ಮಿಷನಿನ ಸೇವೆಯಲ್ಲಿದ್ದ ಬೆಂಜಮಿನ್ ರೈಸ್ ಅಯ್ಯನವರ ಮಗನು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯವಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಆ ಅಪ್ಪಣೆಗಳ ಸಾರಾಂಶವು. ಇವೆಲ್ಲವೂ ಒಳ್ಳೆಯ ಮಾತುಗಳೇ. ಇವುಗಳನ್ನು ಹಗುರವಾಗಿ ಎಣಿಸತಕ್ಕವನು ಕ್ರೈಸ್ತನಲ್ಲ.

ಆದರೆ ಆ ಕಲ್ಲಿನ ಮುಂದೆ ನಿಂತಾಗೆಲ್ಲಾ ಉಪದೇಶಿಯಾದ ನನಗೆ ನಮ್ಮ ಸಭೆಗಳಲ್ಲಿ ಆಗಾಗ್ಗೆ ಏಳುವ ಒಂದು ಪ್ರಶ್ನೆಯು ನೆನಪಿಗೆ ಬರುತ್ತದೆ. ಕೆಲವರು, ಕರ್ತನನ್ನು ನಂಬಿದ ಮಾತ್ರಕ್ಕೆ ರಕ್ಷಣೆಯಾಯಿತು, ಇನ್ನು ನಡತೆಯ ಚಿಂತೆ ಏತಕ್ಕೆಂದು ಹೇಳುತ್ತಾರೆ. ಬೇರೆ ಕೆಲವರು ಆರಾಧನೆಗೆ ಬಂದ ದಿವಸಗಳನ್ನೂ ಕೊಟ್ಟ ಕಾಣಿಕೆಯನ್ನೂ ಬಿಟ್ಟ ಕುಡಿತವನ್ನೂ ಲೆಕ್ಕ ಹಾಕಿ, ಇಷ್ಟು ಮಾಡಿದವನನ್ನು ದೇವರು ತಳ್ಳಿಬಿಡುವನೋ ಎಂದು ಕೇಳುತ್ತಾರೆ. ಮೊದಲನೆಯವರು ಹೆಜ್ಜೆಯಿಲ್ಲದ ದಾರಿಯನ್ನು ಹುಡುಕುತ್ತಾರೆ; ಎರಡನೆಯವರು ಕೃಪೆಯನ್ನು ಕೂಲಿಯಾಗಿ ಮಾಡಿಕೊಳ್ಳುತ್ತಾರೆ. ಇಂಥಾ ಸಂಗತಿಯಲ್ಲಿ ತರ್ಕಕ್ಕಿಂತ ಒಬ್ಬ ಮನುಷ್ಯನ ಜೀವಿತವು ಹೆಚ್ಚು ಬೆಳಕನ್ನು ಕೊಡುವದಾದ್ದರಿಂದ, ಕನ್ನಡನಾಡಿನವರೆಲ್ಲರೂ ಹೆಸರು ಕೇಳಿರುವ ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ.

ಅವರು 1811ನೇ ಇಸವಿ ಮೇ ತಿಂಗಳ 29ನೇ ತಾರೀಖಿನಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಮನುಷ್ಯನು ತನ್ನ ಕ್ರಿಯೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ನೀತಿವಂತನೆಂದು ಎಣಿಸಲ್ಪಡುತ್ತಾನೆಂದು ಮಾರ್ಟಿನ್ ಲೂಥರನು ಹದಿನಾರನೇ ಶತಮಾನದಲ್ಲಿ ಬೋಧಿಸಿದ ಉಪದೇಶವು ಆ ಸೀಮೆಯಲ್ಲಿ ಆಳವಾಗಿ ಬೇರೂರಿತ್ತು. ಅದರ ಸಂಗಡಲೇ, ಮನೆಮನೆಗಳಲ್ಲಿ ಕೂಡಿ ವೇದವನ್ನು ಓದುತ್ತಾ, ಓದಿದ್ದು ನಡತೆಯಲ್ಲಿ ಕಾಣಬೇಕೆಂದು ಒಬ್ಬರನ್ನೊಬ್ಬರು ಎಚ್ಚರಿಸಿಕೊಳ್ಳುವ ಭಕ್ತರೂ ಅಲ್ಲಿ ಬಹಳವಿದ್ದರು. ಹೀಗೆ ಮೋಗ್ಲಿಂಗರು ಒಂದು ಕಿವಿಯಲ್ಲಿ ನಂಬಿಕೆಯ ಮಾತನ್ನೂ ಮತ್ತೊಂದು ಕಿವಿಯಲ್ಲಿ ವಿಧೇಯತೆಯ ಮಾತನ್ನೂ ಕೇಳುತ್ತಾ ಬೆಳೆದರು. ಟ್ಯುಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸಮಾಡಿದರು. ಅಂಥ ವಿದ್ಯಾವಂತನಿಗೆ ಸ್ವದೇಶದಲ್ಲಿ ಒಳ್ಳೆಯ ಸಭೆಯೂ ಸಂಬಳವೂ ಗೌರವವೂ ಸುಲಭವಾಗಿ ದೊರೆಯುತ್ತಿದ್ದವು. ಅವರಾದರೋ ಅವೆಲ್ಲವನ್ನು ಬದಿಗಿಟ್ಟು ಬಾಸೆಲ್ ಮಿಷನಿನ ಮನೆಯನ್ನು ಸೇರಿದರು.

ಆ ಮಿಷನಿನ ಮೊದಲಿನ ಮೂವರು ಸೇವಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಎರಡು ವರುಷಗಳಾದ ಮೇಲೆ, 1836ರಲ್ಲಿ, 25 ವರುಷದ ಮೋಗ್ಲಿಂಗರೂ ಬಂದು ಸೇರಿದರು. ಅಬ್ರಹಾಮನು ಕಾಣದ ದೇಶಕ್ಕೆ ಹೊರಟ ಹಾಗೆ ಅವರು ಹೊರಟರು. ಆದರೆ ಗಮನಿಸಿರಿ, ಹೊರಟುಬಂದದ್ದರಿಂದ ತನಗೆ ಪರಲೋಕದಲ್ಲಿ ಹಕ್ಕುಂಟಾಯಿತೆಂದು ಅವರು ನೆನಸಿದವರಲ್ಲ. ಕರ್ತನು ತನ್ನನ್ನು ಮುಂಚೆಯೇ ಅಂಗೀಕರಿಸಿದ್ದಾನೆಂಬ ನಂಬಿಕೆಯೇ ಅವರನ್ನು ಹೊರಡಿಸಿತು. ಮಗನು ಹೊಲಕ್ಕೆ ಹೋಗುವುದು ತಂದೆಯ ಮಗನಾಗುವುದಕ್ಕಲ್ಲ, ಮಗನಾಗಿರುವುದರಿಂದಲೇ.

ಅವರು ಮೊದಲು ಮಾಡಿದ ಕೆಲಸವು ನಮ್ಮ ಭಾಷೆಯನ್ನು ಕಲಿಯುವುದು. ಇದು ವಿಧೇಯತೆಯ ಕೆಲಸವೆಂದು ಅನೇಕರಿಗೆ ತೋರುವುದಿಲ್ಲ. ಆದರೆ ಪಂಡಿತನಾಗಿದ್ದವನು ಮಕ್ಕಳ ಹಾಗೆ ಅಕ್ಷರಗಳನ್ನು ತಿದ್ದುತ್ತಾ, ತಪ್ಪು ಮಾತಾಡಿ ನಗೆಗೀಡಾಗುತ್ತಾ ವರುಷಗಟ್ಟಲೆ ಕೂರುವುದು ದೀನತೆಯಿಲ್ಲದೆ ಆಗತಕ್ಕದ್ದಲ್ಲ. ಮಂಗಳೂರಿನಲ್ಲಿ ಅವರು ಹುಡುಗರ ಶಾಲೆಯನ್ನು ನಡಿಸಿ, ಮುಂದೆ ಸಭೆಗಳಿಗೆ ಉಪದೇಶಿಗಳಾಗತಕ್ಕವರನ್ನು ಸಿದ್ಧಮಾಡುತ್ತಾ, ಶಿಷ್ಯರ ನಡುವೆಯೇ ಬಾಳಿದರು. ಆರಾಧನೆಯಲ್ಲಿ ಹಾಡುವದಕ್ಕೆ ಅವರೂ ಅವರ ಸ್ನೇಹಿತರಾದ ವೈಗ್ಲೆ ಅಯ್ಯನವರೂ ಕನ್ನಡದಲ್ಲಿ ಗೀತಗಳನ್ನು ರಚಿಸಿದರು.

1843ನೇ ಇಸವಿ ಜುಲೈ 1ನೇ ತಾರೀಖಿನಲ್ಲಿ ಅವರು ಮಂಗಳೂರ ಸಮಾಚಾರ ಎಂಬ ವೃತ್ತಾಂತಪತ್ರಿಕೆಯನ್ನು ಹೊರಡಿಸಿದರು. ಕನ್ನಡ ಭಾಷೆಯಲ್ಲಿ ಅದೇ ಮೊದಲನೆಯ ಪತ್ರಿಕೆಯು. ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹದಿನೈದು ದಿವಸಕ್ಕೊಮ್ಮೆ ಬರುತ್ತಿತ್ತು. ಊರ ವರ್ತಮಾನವೂ ಸರಕಾರದ ನಿರೂಪಗಳೂ ಅನ್ಯದೇಶಗಳ ಸುದ್ದಿಯೂ ಅದರಲ್ಲಿರುತ್ತಿದ್ದವು. ಮರುವರುಷವೇ ಅದರ ಮುದ್ರಣವು ನಮ್ಮ ಸೀಮೆಗೆ ಸಮೀಪವಾದ ಬಳ್ಳಾರಿಗೆ ಬಂತು. ಅಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಸ್ಥಾಪಿಸಿದ ಲಂಡನ್ ಮಿಷನಿಗೆ ಅಚ್ಚುಮೊಳೆಗಳುಳ್ಳ ಮುದ್ರಾಶಾಲೆಯಿತ್ತು. ಅಲ್ಲಿ ಕನ್ನಡ ಸಮಾಚಾರ ಎಂಬ ಹೆಸರಿನಿಂದ ಅದು ಹೊರಟಿತು. ಆ ಪತ್ರಿಕೆಯು ಹೆಚ್ಚುಕಾಲ ಬಾಳಲಿಲ್ಲ. ಆದರೂ ಜುಲೈ 1ನೇ ತಾರೀಖನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಬಿತ್ತಿದವನು ಪೈರನ್ನು ಕಾಣದೆ ಹೋದರೂ ಬಿತ್ತಿದ್ದು ವ್ಯರ್ಥವಾಗಲಿಲ್ಲ.

ಈಗ ಕಠಿಣವಾದ ಸಂಗತಿಗೆ ಬರೋಣ. 1844ನೇ ಇಸವಿ ಜನವರಿ ತಿಂಗಳಲ್ಲಿ ಮೋಗ್ಲಿಂಗರ ಶಾಲೆಯಲ್ಲಿ ಓದುತ್ತಿದ್ದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನವನ್ನು ಹೊಂದಿದರು. ಅವರಲ್ಲಿ ಪ್ರಸಿದ್ಧರಾದವರು ಆನಂದರಾವ್ ಕೌಂಡಿನ್ಯರು. ಅವರು 1825ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸ್ನಾನದಲ್ಲಿ ತಮ್ಮ ಗುರುವಿನ ಹೆಸರಾದ ಹೆರ್ಮನ್ ಎಂಬದನ್ನು ಪಡೆದರು. ಊರಲ್ಲೆಲ್ಲಾ ಗದ್ದಲವೆದ್ದಿತು. ಶಾಲೆಯಿಂದ ಅನೇಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಮೂರು ಮನೆಗಳಲ್ಲಿ ಮಗನು ಸತ್ತಂತೆ ದುಃಖವಾಯಿತು. ಆ ತಂದೆತಾಯಿಗಳನ್ನು ನಾವು ದೂಷಿಸಬಾರದು. ಅವರು ಮಕ್ಕಳನ್ನು ಪ್ರೀತಿಸಿದ್ದರಿಂದಲೇ ಅತ್ತರು.

ಸಿದ್ದಾಪುರದ ಬಂಡೆಯು ತಂದೆತಾಯಿಗಳಿಗೆ ವಿಧೇಯರಾಗಿರಿ ಎಂಬುದನ್ನು ಕಲಿಸುತ್ತದೆ. ದೇವರ ಹತ್ತು ಆಜ್ಞೆಗಳೂ ತಂದೆತಾಯಿಗಳನ್ನು ಸನ್ಮಾನಿಸಬೇಕೆಂದು ವಿಧಿಸುತ್ತವೆ. ಹಾಗಾದರೆ ಆ ಯುವಕರು ಅವಿಧೇಯರಾದರೋ? ನಮ್ಮಲ್ಲಿಯೂ ಕೆಲವರು, ಮನೆಯ ಹಿರಿಯರು ಮನಸ್ಸು ನೋಯಿಸಿಕೊಳ್ಳುವರೆಂದು, ಒಳಗೆ ನಂಬಿದರೂ ಹೊರಗೆ ತೋರಿಸದೆ ವರುಷಗಳನ್ನು ಕಳೆಯುತ್ತಾರೆ. ಈ ಕಷ್ಟವು ಸಣ್ಣದಲ್ಲ. ನಾನು ಹೇಳಬಹುದಾದದ್ದು ಇಷ್ಟೇ. ಎರಡು ಅಪ್ಪಣೆಗಳು ಎದುರುಬದುರಾಗಿ ನಿಂತ ದಿವಸ ಮನುಷ್ಯನ ನಂಬಿಕೆ ಎಲ್ಲಿದೆಯೆಂಬುದು ಅವನಿಗೇ ತಿಳಿದುಬರುತ್ತದೆ. ಯಾಕಂದರೆ ಯಾರನ್ನು ಕಟ್ಟಕಡೆಗೆ ನಂಬುತ್ತೇವೋ ಅವರಿಗೇ ಕಟ್ಟಕಡೆಗೆ ವಿಧೇಯರಾಗುತ್ತೇವೆ. ಹಾಗೆಂದು ಕ್ರಿಸ್ತನ ಹಿಂದೆ ಹೋದವನಿಗೆ ಹೆತ್ತವರ ಋಣವು ತೀರಿತೆಂದಲ್ಲ. ಮನೆಯಿಂದ ಹೊರಗಾದ ಮಗನು ಮೊದಲಿಗಿಂತ ಹೆಚ್ಚು ನಯವಾಗಿಯೂ ಹೆಚ್ಚು ಸತ್ಯವಾಗಿಯೂ ನಡೆದು, ತಾಯಿ ಬೇನೆ ಬಿದ್ದರೆ ಮೊದಲು ಓಡಿಹೋಗತಕ್ಕವನಾಗಿರಬೇಕು. ಬಿಟ್ಟುಬಂದ ಮನೆಯವರನ್ನು ಹಳಿಯುವ ನಂಬಿಕೆಯು ಇನ್ನೂ ವಿಧೇಯತೆಯನ್ನು ಕಲಿಯಲಿಲ್ಲ.

ಕೌಂಡಿನ್ಯರು ತಮ್ಮ ಗುರುಗಳ ಸಂಗಡ ಯುರೋಪಿಗೆ ಹೋಗಿ, 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ಅಭ್ಯಾಸಮಾಡಿ, 1851ರಲ್ಲಿ ಬೋಧಕರಾಗಿ ಅಭಿಷೇಕವನ್ನು ಹೊಂದಿ ಸ್ವದೇಶಕ್ಕೆ ಬಂದರು. ಮೋಗ್ಲಿಂಗರು ಅವರಿಗಿಂತ ಮುಂಚೆಯೇ ಹಿಂತಿರುಗಿ ಮಂಗಳೂರಿನ ಸೇವೆಯನ್ನು ಮುಂದುವರಿಸಿದ್ದರು. ಆ ದಿವಸಗಳಲ್ಲಿ ಅವರು ಕ್ಯಾಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಹಳೆಯ ಕನ್ನಡ ಗ್ರಂಥಗಳ ಓಲೆಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ಜೈಮಿನಿ ಭಾರತವೂ ಬಸವಪುರಾಣವೂ ದಾಸರ ಪದಗಳೂ ಹೀಗೆ ಮುದ್ರಣವನ್ನು ಕಂಡವು. ತನ್ನ ಮತಕ್ಕೆ ಸೇರದ ಈ ಗ್ರಂಥಗಳಿಗಾಗಿ ಬೋಧಕನೊಬ್ಬನು ಯಾತಕ್ಕೆ ಶ್ರಮಪಟ್ಟನೆಂದು ಕೆಲವರು ಕೇಳಬಹುದು. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯು ನೆರೆಯವನ ಮಾತನ್ನು ಕಿವಿಗೊಟ್ಟು ಕೇಳಬೇಕೆಂಬುದನ್ನೂ ಒಳಕೊಂಡಿದೆ ಎಂಬುದೇ ಅದಕ್ಕೆ ತಕ್ಕ ಉತ್ತರವು.

1852ನೇ ಇಸವಿಯ ಕೊನೆಗೆ ಮೋಗ್ಲಿಂಗರ ದೇಹವು ದಣಿದಿತ್ತು. ಸ್ವದೇಶಕ್ಕೆ ಹೋಗಬೇಕೆಂಬ ಆಲೋಚನೆಯಲ್ಲಿದ್ದರು. ಅಷ್ಟರಲ್ಲಿ ಕೊಡಗಿನ ಆಲ್ಮಂಡ ಎಂಬಲ್ಲಿಯ ಸೋಮಯ್ಯನೆಂಬ ಕೊಡವನೊಬ್ಬನು ಸತ್ಯವನ್ನು ಹುಡುಕುತ್ತಾ ಘಟ್ಟವನ್ನಿಳಿದು ಮಂಗಳೂರಿಗೆ ಬಂದು ದೀಕ್ಷಾಸ್ನಾನವನ್ನು ಬೇಡಿದನು. ಅವನಿಗೆ ಸ್ತೆಫನನೆಂದು ಹೆಸರಾಯಿತು. ಸ್ನಾನವಾದ ಮೇಲೆ ಅವನು ಎಲ್ಲಿಗೆ ಹೋಗಬೇಕು? ಮಂಗಳೂರಿನಲ್ಲಿಯೇ ಮಿಷನಿನ ನೆರಳಿನಲ್ಲಿ ಉಳಿದರೆ ಅವನಿಗೆ ಭಯವಿರಲಿಲ್ಲ. ತನ್ನ ಊರಿಗೆ ಹೋದರಾದರೋ ಒಕ್ಕಲಿನವರ ಕೋಪವೂ ಆಸ್ತಿಯ ವಿವಾದವೂ ಕಾದಿದ್ದವು. ಮತವನ್ನು ಬದಲಿಸಿದವನ ಆಸ್ತಿಯ ಹಕ್ಕು ಕಳೆದುಹೋಗಕೂಡದೆಂದು 1850ರ 21ನೇ ಕಾನೂನು ಹೇಳುತ್ತಿದ್ದರೂ, ಕಾಗದದಲ್ಲಿರುವ ಕಾನೂನು ಊರ ಒಳಗೆ ಒಬ್ಬಂಟಿಗನಿಗೆ ಎಷ್ಟು ಆಸರೆಯಾಗುವುದೆಂಬುದನ್ನು ನಾವು ಬಲ್ಲೆವು. ಆಗ ಮೋಗ್ಲಿಂಗರು ಹಡಗಿನ ಪ್ರಯಾಣವನ್ನು ಬಿಟ್ಟು, ಸಂಘದ ನೇಮಕಕ್ಕಾಗಿ ಕಾಯದೆ, ತನ್ನ ಸ್ವಂತ ಹೊಣೆಯ ಮೇಲೆ 1853ರಲ್ಲಿ ಅವನ ಸಂಗಡ ಕೊಡಗಿಗೆ ಹತ್ತಿಹೋದರು. ಒಬ್ಬ ಹೊಸ ಕ್ರೈಸ್ತನು ಒಂಟಿಯಾಗಿ ಮನೆಗೆ ಹೋಗಬಾರದೆಂಬುದಕ್ಕಾಗಿ 41 ವರುಷದ ರೋಗಪೀಡಿತನು ತನ್ನ ದಾರಿಯನ್ನೇ ತಿರುಗಿಸಿದನು. ತರುವಾಯ ಮಿಷನು ಆ ಸೀಮೆಯನ್ನು ತನ್ನದಾಗಿ ಅಂಗೀಕರಿಸಿತು.

ಇಲ್ಲಿಯೂ ವಿಧೇಯತೆಯ ಪ್ರಶ್ನೆಯೇ ಉಂಟು. ಸಂಘದ ಹಿರಿಯರ ಮಾತನ್ನು ಕೇಳತಕ್ಕ ಸೇವಕನು ಅಪ್ಪಣೆಯಿಲ್ಲದೆ ಹೋದದ್ದು ಸರಿಯೋ? ಇದನ್ನು ಪ್ರತಿಯೊಬ್ಬನೂ ಅನುಸರಿಸತಕ್ಕ ನಿಯಮವೆಂದು ನಾನು ಹೇಳುವುದಿಲ್ಲ. ಸ್ವಂತ ಇಷ್ಟವನ್ನೇ ದೇವರ ಕರೆಯೆಂದು ಕರೆದುಕೊಂಡು ಕೆಟ್ಟವರು ಬಹಳ ಜನರಿದ್ದಾರೆ. ಆದರೆ ಗುರುತು ಹೇಗೆ? ಸ್ವಂತ ಇಷ್ಟವು ಸುಖದ ಕಡೆಗೂ ಹೆಸರಿನ ಕಡೆಗೂ ಎಳೆಯುತ್ತದೆ. ಮೋಗ್ಲಿಂಗರನ್ನು ಎಳೆದದ್ದು ವಿಶ್ರಾಂತಿಯಿಂದ ಶ್ರಮದ ಕಡೆಗೆ, ಸ್ವದೇಶದಿಂದ ಒಬ್ಬ ಮನುಷ್ಯನ ಬಾಗಲಿಗೆ. ಆ ಎಳೆತವು ಯಾರದೆಂದು ನೀವೇ ತೀರ್ಪುಮಾಡಿರಿ.

ಕೊಡಗಿನಲ್ಲಿ ಗದ್ದೆಗಳ ಕೆಲಸಕ್ಕೆ ತಲತಲಾಂತರದಿಂದ ಜೀತಕ್ಕಿದ್ದ ಜನರಿದ್ದರು. ಅವರನ್ನು ಹೊಲೆಯರೆಂದು ಕರೆಯುತ್ತಿದ್ದರು. ಗುಲಾಮತನಕ್ಕೆ ಕಾನೂನಿನ ಬಲವಿರಕೂಡದೆಂದು ಸರಕಾರವು 1843ರಲ್ಲಿ 5ನೇ ಕಾನೂನಿನಿಂದ ವಿಧಿಸಿದ್ದರೂ, ಹೊಟ್ಟೆಯ ಕಟ್ಟು ಬಿಚ್ಚಿರಲಿಲ್ಲ. ಅವರಲ್ಲಿ ಕೆಲವರು ಸುವಾರ್ತೆಯನ್ನು ಕೇಳುವದಕ್ಕೆ ಬಂದಾಗ ಅವರಿಗೆ ಇರುವದಕ್ಕೆ ನೆಲವೂ ಮಾಡುವದಕ್ಕೆ ಕೆಲಸವೂ ಬೇಕಾಯಿತು. ಹೀಗೆ ಆನಂದಪುರವೆಂಬ ಊರು ಹುಟ್ಟಿತು. ಕೌಂಡಿನ್ಯರು ತಮ್ಮ ಸ್ವಂತ ಹಣವನ್ನು ಹಾಕಿ ಅಲ್ಲಿ ನೆಲವನ್ನು ಕೊಂಡು ಕಾಫಿ ತೋಟವನ್ನು ಮಾಡಿಸಿದರು. ಬ್ರಾಹ್ಮಣನಾಗಿ ಹುಟ್ಟಿದವನ ಧನವು ಜೀತದಾಳುಗಳಾಗಿ ಹುಟ್ಟಿದವರಿಗೆ ನೆಲೆಯಾಯಿತು. ನಂಬಿಕೆಯು ಮನುಷ್ಯನ ಎದೆಯಲ್ಲಿಯೇ ಬಚ್ಚಿಟ್ಟುಕೊಂಡಿರುವುದಿಲ್ಲ, ಅವನ ಹಣದ ಗಂಟಿನ ವರೆಗೂ ಇಳಿದುಬರುವದೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೋ?

ಹೀಗೆ ಬಂದವರು ದೇವರನ್ನು ಹುಡುಕಿ ಬಂದರೋ ಅನ್ನವನ್ನು ಹುಡುಕಿ ಬಂದರೋ ಎಂದು ನಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಈ ಮಾತು ನಮ್ಮ ತಾತಮುತ್ತಾತಂದಿರ ಮೇಲೂ ಬಿದ್ದದ್ದೇ. ಇದಕ್ಕೆ ನಾಚಿಕೊಳ್ಳಬೇಕಾದದ್ದೇನೂ ಇಲ್ಲ. ಹಸಿದು ಬಂದವರಿಗೆ ಕರ್ತನು ಮೊದಲು ರೊಟ್ಟಿಯನ್ನೇ ಕೊಟ್ಟನು. ಒಬ್ಬನು ಮೊದಲು ಅರ್ಧ ತಿಳಿದು ಬಂದು, ಹೇಳಿದಂತೆ ನಡೆಯುತ್ತಾ, ಪ್ರಾರ್ಥಿಸುತ್ತಾ, ನಡೆಯುವದರಲ್ಲಿಯೇ ತನ್ನನ್ನು ಕರೆದಾತನನ್ನು ಗುರುತಿಸಬಹುದು. ದಶಕುಷ್ಠರು ಯಾಜಕರ ಬಳಿಗೆ ಹೊರಟ ಮೇಲೆಯೇ ದಾರಿಯಲ್ಲಿ ಶುದ್ಧರಾದರು. ಆದರೆ ಹಿಂತಿರುಗಿ ಬಂದು ಕರ್ತನ ಪಾದಕ್ಕೆ ಬಿದ್ದವನು ಒಬ್ಬನೇ. ಆದಕಾರಣ ಬಂದದ್ದು ಹೇಗೆಂಬದಕ್ಕಿಂತ, ಬಂದ ಮೇಲೆ ಯಾರ ಪಾದಕ್ಕೆ ಬಿದ್ದೆವೆಂಬುದೇ ದೊಡ್ಡದು.

ಮೋಗ್ಲಿಂಗರ ಸ್ನೇಹಿತರಾದ ವೈಗ್ಲೆ ಅಯ್ಯನವರು ಕನ್ನಡ ಬೈಬಲನ್ನು ತಿದ್ದುವ ಕೆಲಸದಲ್ಲಿ ಬಹಳ ಶ್ರಮಪಟ್ಟು 1855ರಲ್ಲಿ ತೀರಿಕೊಂಡರು. ಅವರ ವಿಧವೆಯಾದ ಪೌಲೀನಮ್ಮನವರನ್ನು ಮೋಗ್ಲಿಂಗರು ಮರುವರುಷ ವಿವಾಹವಾಗಿ, ಸ್ನೇಹಿತನ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯುಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡದ ಪರಿಶ್ರಮಕ್ಕಾಗಿ ಡಾಕ್ಟರ್ ಎಂಬ ಬಿರುದನ್ನು ಕೊಟ್ಟು ಗೌರವಿಸಿತು. 1860ರಲ್ಲಿ ಅವರು ಕೊಡಗನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು; ಮತ್ತೆ ಈ ದೇಶವನ್ನು ಕಾಣಲಿಲ್ಲ. 1881ನೇ ಇಸವಿ ಮೇ ತಿಂಗಳ 10ನೇ ತಾರೀಖಿನಲ್ಲಿ ಎಸ್ಲಿಂಗನ್ ಎಂಬ ಪಟ್ಟಣದಲ್ಲಿ, 70 ವರುಷ ತುಂಬುವದಕ್ಕೆ ಕೆಲವು ದಿವಸಗಳು ಮಾತ್ರ ಉಳಿದಿರಲು, ಕರ್ತನಲ್ಲಿ ನಿದ್ರೆಹೋದರು. ಅವರ ಶಿಷ್ಯರಾದ ಕೌಂಡಿನ್ಯರು 1893ರ ವರೆಗೆ ಬದುಕಿದ್ದರು.

ಓದುವವರೇ, ಈ ಜೀವಿತವನ್ನು ಲೆಕ್ಕದ ಪುಸ್ತಕದ ಹಾಗೆ ಬರೆದು ನೋಡಿರಿ. ಪತ್ರಿಕೆಯು ಬಾಳಲಿಲ್ಲ. ಮೂವರಿಗೆ ಸ್ನಾನವಾದಾಗ ಶಾಲೆಯು ಬರಿದಾಯಿತು. ಕೊಡಗಿಗೆ ಏಳು ವರುಷಗಳನ್ನು ಕೊಟ್ಟು, ಕೆಲಸವನ್ನು ಇತರರ ಕೈಗೆ ಬಿಟ್ಟುಹೋಗಬೇಕಾಯಿತು. ವಿಧೇಯತೆಯಿಂದ ರಕ್ಷಣೆಯನ್ನು ಕೊಂಡುಕೊಳ್ಳಬೇಕಾಗಿದ್ದರೆ, ಮೋಗ್ಲಿಂಗರಂಥವರೂ ಸಾಲಗಾರರಾಗಿಯೇ ಸಾಯಬೇಕಾಗಿತ್ತು. ಹಾಗಾದರೆ ನನ್ನ ನಿಮ್ಮ ಗತಿಯೇನು? ದೇವರಿಗೆ ಸ್ತೋತ್ರ, ನಮ್ಮ ಸಾಲವನ್ನು ಶಿಲುಬೆಯ ಮೇಲೆ ಮತ್ತೊಬ್ಬನು ತೀರಿಸಿದ್ದಾನೆ. ಅದನ್ನು ನಂಬಿದವನು ತನ್ನ ಕೆಲಸ ಕೆಟ್ಟುಹೋದಾಗ ಎದೆಗೆಡದೆ ಮರುದಿನ ಎದ್ದು ತಿರಿಗಿ ವಿಧೇಯನಾಗಬಲ್ಲನು. ಕೂಲಿಗಾಗಿ ದುಡಿಯುವವನು ಕೂಲಿ ಕಾಣದಿದ್ದರೆ ಕೈಬಿಡುತ್ತಾನೆ. ಮಗನು ಬರಗಾಲದಲ್ಲಿಯೂ ತಂದೆಯ ಹೊಲವನ್ನು ಬಿಡುವುದಿಲ್ಲ.

ಪೌಲನು ಅಬ್ರಹಾಮನನ್ನು ತೋರಿಸಿ ಅವನು ನಂಬಿಕೆಯಿಂದ ನೀತಿವಂತನಾದನೆನ್ನುತ್ತಾನೆ. ಯಾಕೋಬನು ಅದೇ ಅಬ್ರಹಾಮನನ್ನು ತೋರಿಸಿ ಕ್ರಿಯೆಗಳಿಲ್ಲದ ನಂಬಿಕೆಯು ಸತ್ತದ್ದೆನ್ನುತ್ತಾನೆ. ಇಬ್ಬರಿಗೂ ಜಗಳವಿಲ್ಲ. ಆದಿಕಾಂಡವನ್ನು ಬಿಚ್ಚಿ ನೋಡಿರಿ. ಅವನು ನಂಬಿದ್ದೂ ನೀತಿವಂತನೆಂದು ಎಣಿಸಲ್ಪಟ್ಟದ್ದೂ 15ನೇ ಅಧ್ಯಾಯದಲ್ಲಿ. ಮಗನನ್ನು ಕರೆದುಕೊಂಡು ಬೆಟ್ಟವನ್ನು ಹತ್ತಿದ್ದು 22ನೇ ಅಧ್ಯಾಯದಲ್ಲಿ. ನಡುವೆ ಬಹಳ ವರುಷಗಳು ಕಳೆದವು. ಆ ವರುಷಗಳಲ್ಲಿ ಅವನು ಎಡವಿದ್ದೂ ಉಂಟು. ಆದರೂ ಮೊದಲು ಹುಟ್ಟಿದ ನಂಬಿಕೆಯೇ ಕಡೆಗೆ ಬೆಟ್ಟವನ್ನು ಹತ್ತಿತು.

ಮೊಳಕಾಲ್ಮೂರಿನ ಮಗ್ಗಗಳನ್ನು ನೀವು ಕಂಡಿದ್ದೀರಿ. ನೇಯುವವನು ಮೊದಲು ಹಾಸನ್ನು ಬಿಗಿದು ಕಟ್ಟುತ್ತಾನೆ. ಬಳಿಕ ಲಾಳಿಯಿಂದ ಹೊಕ್ಕನ್ನು ಹಾಯಿಸುತ್ತಾನೆ. ಹಾಸಿಲ್ಲದೆ ಹೊಕ್ಕು ನಿಲ್ಲುವುದಿಲ್ಲ, ನೂಲಿನ ಗೋಜಲಾಗಿ ಬೀಳುತ್ತದೆ. ಹೊಕ್ಕಿಲ್ಲದೆ ಹಾಸು ಎಷ್ಟು ದಿವಸ ಮಗ್ಗದ ಮೇಲಿದ್ದರೂ ಸೀರೆಯಾಗುವುದಿಲ್ಲ. ನಂಬಿಕೆಯು ಹಾಸು, ವಿಧೇಯತೆಯು ಹೊಕ್ಕು. ಹಾಸನ್ನು ಕಟ್ಟುವಾತನು ದೇವರೇ. ಲಾಳಿಯಾದರೋ ಈ ಹೊತ್ತು ನಮ್ಮ ಕೈಯಲ್ಲಿದೆ.

ಆದದರಿಂದ, ನಂಬಿದ್ದೇನೆಂದು ಹೇಳಿ ಕೂತಿರುವವನೇ, ಏಳು. ನೀನು ಮನಸ್ಸಿನಲ್ಲಿ ಬಲ್ಲ ಆ ಒಂದು ಅಪ್ಪಣೆಯನ್ನು, ಅಣ್ಣನ ಸಂಗಡ ಸಮಾಧಾನವಾಗುವುದನ್ನೋ, ಸುಳ್ಳು ಸಾಕ್ಷಿಯನ್ನು ಹಿಂತೆಗೆಯುವುದನ್ನೋ, ಈ ವಾರವೇ ಮಾಡು. ಲೆಕ್ಕ ಹಾಕುತ್ತಾ ದಣಿದಿರುವವನೇ, ನಿನ್ನ ಪುಸ್ತಕವನ್ನು ಮುಚ್ಚು. ನೀನು ತೀರಿಸಲಾರದ್ದು ತೀರಿಹೋಗಿದೆ. ಒಮ್ಮೆ ಅಂಜಿ ಕರ್ತನನ್ನು ಅರಿಯೆನೆಂದವನೇ, ಪೇತ್ರನೂ ಹಾಗೆ ಬಿದ್ದನೆಂದೂ ಅವನಿಗೆ ತಿರಿಗಿ ಕೆಲಸ ಕೊಡಲ್ಪಟ್ಟಿತೆಂದೂ ನೆನಸು. ಇನ್ನೂ, ನಿಮ್ಮ ಊರಲ್ಲಿ ಯಾವನಾದರೂ ಹೊಸದಾಗಿ ನಂಬಿ ಒಬ್ಬಂಟಿಗನಾಗಿ ಮನೆಗೆ ಹಿಂತಿರುಗುವವನಿದ್ದರೆ, ಮೋಗ್ಲಿಂಗ್ ಅಯ್ಯನವರ ಹಾಗೆ ಅವನ ಸಂಗಡ ಸ್ವಲ್ಪ ದಾರಿ ನಡೆಯಿರಿ.

ಬಂಡೆಯ ಮೇಲಣ ಅಪ್ಪಣೆಯು ಬಹುಕಾಲ ಓದುವವರಿಲ್ಲದೆ ಮೌನವಾಗಿತ್ತು. ಕರ್ತನು ತನ್ನ ಅಪ್ಪಣೆಯನ್ನು ನಮ್ಮ ಹೃದಯಗಳಲ್ಲಿ ಬರೆದು, ಅದನ್ನು ನೆರೆಯವರು ನಮ್ಮ ನಡತೆಯಲ್ಲಿ ಓದುವಂತೆ ಕೃಪೆಮಾಡಲಿ. ಆಮೆನ್.